ಹೋಗುವ ಮೊದಲೇ ವಾಪಸ್ ಬರುವ ಯೋಚನೆ: ಫುಲ್‌ಬ್ರೈಟ್ ಫೆಲೋಗಳ ತಯಾರಿ ಹೇಗಿರಬೇಕು?

ಫುಲ್‌ಬ್ರೈಟ್ ಫೆಲೋಶಿಪ್ ಸಿಕ್ಕಿದೆ ಎಂಬ ಇಮೇಲ್ ಬಂದ ದಿನದಿಂದಲೇ ಮನೆಯಲ್ಲಿ ಸೂಟ್‌ಕೇಸಿನ ಮಾತು ಶುರುವಾಗುತ್ತದೆ. ಎಷ್ಟು ಕೆಜಿ ಒಯ್ಯಬಹುದು, ಸ್ವೆಟರ್ ಇಲ್ಲೇ ಕೊಳ್ಳಬೇಕಾ, ಕುಕ್ಕರ್ ಬೇಕಾ? ಜೊತೆಗೆ ನೆಂಟರ ಸಲಹೆ: "ಹೇಗೂ ಹೋಗ್ತೀಯಲ್ಲ, ಅಲ್ಲೇ ಒಂದು ಕೆಲಸ ನೋಡ್ಕೊಂಡು ಸೆಟ್ಲ್ ಆಗಿಬಿಡು." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಫುಲ್‌ಬ್ರೈಟ್ ಓದು, ಸಂಶೋಧನೆ, ಪಾಠಕ್ಕೆಂದು ಅಮೆರಿಕಕ್ಕೆ ಕಳಿಸುವ ವಿನಿಮಯ ಕಾರ್ಯಕ್ರಮ. ಹೋದವರು ವಾಪಸ್ ಬರುತ್ತಾರೆ ಎಂಬ ಲೆಕ್ಕದ ಮೇಲೇ ಅದು ನಡೆಯುತ್ತದೆ. ಎಫ್-1 ವೀಸಾದ ಮೇಲೆ ಎಂಎಸ್ ಮಾಡಲು ಹೋದ ಪಕ್ಕದ ಮನೆ ಹುಡುಗನನ್ನು ಕೇಳಿ ತಯಾರಿ ಮಾಡಿಕೊಂಡರೆ ಅರ್ಧ ವಿಷಯ ತಪ್ಪಾಗುತ್ತದೆ. ಅವನ ನಿಯಮ ಬೇರೆ, ಇವರ ನಿಯಮ ಬೇರೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಉಳಿಕೆ ಸಾಮಾನು ಎಷ್ಟೋ ದೇಶಗಳಲ್ಲಿ ಬಿದ್ದಿತ್ತು. ಅದನ್ನು ಮಾರಿದ ಹಣವನ್ನು ವಿದ್ಯಾರ್ಥಿಗಳ ವಿನಿಮಯಕ್ಕೆ ಬಳಸೋಣ ಎಂದವರು ಅರ್ಕನ್ಸಾಸ್ ರಾಜ್ಯದ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್. 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಸಹಿಯೊಂದಿಗೆ ಅದು ಕಾನೂನಾಯಿತು. ಭಾರತ ಮತ್ತು ಅಮೆರಿಕದ ನಡುವಿನ ಒಪ್ಪಂದ ಆದದ್ದು 1950ರ ಫೆಬ್ರವರಿ 2ರಂದು, ನೆಹರೂ ಪ್ರಧಾನಿಯಾಗಿದ್ದಾಗ. 2008ರಲ್ಲಿ ಹೊಸ ಒಪ್ಪಂದವಾಗಿ ಎರಡೂ ಸರಕಾರಗಳು ಸಮಸಮ ಹಣ ಹಾಕತೊಡಗಿದವು. ಫುಲ್‌ಬ್ರೈಟ್-ನೆಹರೂ ಎಂಬ ಹೆಸರು ಬಂದದ್ದು ಆಗಲೇ. ಭಾರತದಲ್ಲಿ ಇದನ್ನು ನಡೆಸುವುದು ಯುಎಸ್‌ಐಇಎಫ್ ಎಂಬ ಸಂಸ್ಥೆ. ಮುಖ್ಯ ಕಚೇರಿ ದೆಹಲಿಯಲ್ಲಿದೆ, ಕರ್ನಾಟಕದವರಿಗೆ ಹತ್ತಿರದ ಕೊಂಡಿ ಚೆನ್ನೈ ಕಚೇರಿ. 1959ರಲ್ಲಿ ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಫುಲ್‌ಬ್ರೈಟ್ ಮೂಲಕವೇ. ಆ ದಾರಿಯಲ್ಲಿ ಕನ್ನಡಿಗರು ಓಡಾಡಿ ತುಂಬಾ ಕಾಲವಾಯಿತು.

ಎರಡು ಸರಕಾರಗಳ ಹಣ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ. ಎರಡು ವರ್ಷದ ನಿಯಮದ ಹತ್ತಿರ ಅದು ಮತ್ತೆ ಬರುತ್ತದೆ.

ವೀಸಾಕ್ಕಿಂತ ದೊಡ್ಡ ಕಾಗದ

ವಿನಿಮಯದಲ್ಲಿ ಹೋಗುವವರಿಗೆ ಸಿಗುವುದು ಜೆ-1 ವೀಸಾ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಆ ವೀಸಾವನ್ನೇ ಎಲ್ಲರೂ ಮುಖ್ಯ ಎಂದುಕೊಳ್ಳುತ್ತಾರೆ. ಅದು ವಿಮಾನ ನಿಲ್ದಾಣಕ್ಕೆ ಹೋಗಿ ಒಳಗೆ ಬಿಡಿ ಎಂದು ಕೇಳಲು ಬೇಕಾದ ಅನುಮತಿ, ಅಷ್ಟೇ. ಒಳಗೆ ಹೋದ ಮೇಲೆ ಎಷ್ಟು ದಿನ ಇರಬಹುದು, ಎಲ್ಲಿ, ಯಾವ ಕೆಲಸಕ್ಕೆ ಎಂಬುದೆಲ್ಲ ನಿಂತಿರುವುದು ಡಿಎಸ್-2019 ಎಂಬ ಫಾರ್ಮಿನ ಮೇಲೆ. ವೀಸಾದ ದಿನಾಂಕ ಮುಗಿದರೂ ಡಿಎಸ್-2019 ಚಾಲ್ತಿಯಲ್ಲಿದ್ದರೆ ಅಲ್ಲಿ ಇರಬಹುದು. ಸಾಮಾನ್ಯವಾಗಿ ದೇಶದಿಂದ ಹೊರಗೆ ಹೋಗಿ ವಾಪಸ್ ಬರುವಾಗಷ್ಟೇ ಹೊಸ ವೀಸಾ ಬೇಕಾಗುತ್ತದೆ. ಉಲ್ಟಾ ಆದರೆ, ಅಂದರೆ ವೀಸಾ ಇದ್ದು ಡಿಎಸ್-2019 ಮುಗಿದಿದ್ದರೆ, ವೀಸಾ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ಆ ಫಾರ್ಮ್ ಕೈಗೆ ಬಂದ ಕೂಡಲೇ ಕೂತು ಒಂದೊಂದು ಸಾಲನ್ನೂ ಓದಬೇಕು. ಮೊದಲು ಹೆಸರು. ನಮ್ಮ ಕಡೆ ಇದು ದೊಡ್ಡ ತಲೆನೋವು. ನಮ್ಮಲ್ಲಿ ಎಷ್ಟೋ ಜನರಿಗೆ ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ ಬೀಳುತ್ತವೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆಮೇಲೆ ಬ್ಯಾಂಕ್ ಖಾತೆ, ವಿಶ್ವವಿದ್ಯಾಲಯದ ಐಡಿ ಕಾರ್ಡ್, ವಿಮೆ ಎಲ್ಲ ಕಡೆ ಇದೇ ಗೊಂದಲ. ಅರ್ಜಿ ಹಾಕುವ ಯೋಚನೆ ಬಂದ ದಿನವೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲನ್ನು ಪೂರ್ತಿ ಹೆಸರಾಗಿ ಬರೆಸಿ, ಸರ್‌ನೇಮ್ ಜಾಗ ತುಂಬಿಸಿಕೊಳ್ಳುವುದು ಒಳ್ಳೆಯದು. ಆಯ್ಕೆಯಾದ ಮೇಲೆ ಹೆಸರು ಬದಲಿಸಲು ಹೊರಟರೆ ಎಲ್ಲ ಕಾಗದವೂ ತಡವಾಗುತ್ತದೆ.

ಆಮೇಲೆ ದಿನಾಂಕ ನೋಡಿ. ಫಾರ್ಮಿನಲ್ಲಿರುವ ಆರಂಭದ ದಿನಕ್ಕಿಂತ 30 ದಿನ ಮೊದಲಷ್ಟೇ ಅಮೆರಿಕ ಪ್ರವೇಶಿಸಬಹುದು. ಮುಗಿದ ಮೇಲೆ ಹೊರಡಲು 30 ದಿನ ಸಿಗುತ್ತದೆ. ಎಫ್-1 ವಿದ್ಯಾರ್ಥಿಗಳಿಗೆ 60 ದಿನ ಇದೆಯಲ್ಲ ಅಂತ ಇವರು ಕೂತರೆ ಕಷ್ಟ. ಆ 30 ದಿನದಲ್ಲಿ ಊರು ನೋಡಬಹುದು, ಗಂಟುಮೂಟೆ ಕಟ್ಟಬಹುದು. ಸಂಶೋಧನೆ ಮುಂದುವರಿಸುವಂತಿಲ್ಲ. ಆಗ ಪಕ್ಕದ ದೇಶಕ್ಕೆ ಹೋದರೆ ಅದೇ ಫಾರ್ಮಿನ ಮೇಲೆ ವಾಪಸ್ ಒಳಗೆ ಬರುವಂತೆಯೂ ಇಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಬೇರೆ ಜೆ-1 ಸ್ಕಾಲರ್‌ಗಳ ಡಿಎಸ್-2019 ಕೊಡುವುದು ಹೆಚ್ಚಾಗಿ ವಿಶ್ವವಿದ್ಯಾಲಯ. ಫುಲ್‌ಬ್ರೈಟ್‌ನಲ್ಲಿ ಸ್ಪಾನ್ಸರ್ ಅಮೆರಿಕದ ವಿದೇಶಾಂಗ ಇಲಾಖೆ. ಅದರ ಪರವಾಗಿ ದಿನನಿತ್ಯದ ಕೆಲಸವನ್ನು ಬಹುತೇಕ ನ್ಯೂಯಾರ್ಕಿನ ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಶನ್ ನೋಡಿಕೊಳ್ಳುತ್ತದೆ. ಅವಧಿ ಹೆಚ್ಚಿಸಬೇಕು, ನಡುವೆ ಊರಿಗೆ ಹೋಗಿಬರಲು ಫಾರ್ಮಿನ ಮೇಲೆ ಸಹಿ ಬೇಕು ಅಂದರೆ ಕ್ಯಾಂಪಸ್ಸಿನ ಅಂತಾರಾಷ್ಟ್ರೀಯ ಕಚೇರಿ ಕೈಚೆಲ್ಲುತ್ತದೆ. ಅವರದು ತಪ್ಪಲ್ಲ, ಆ ಅಧಿಕಾರ ಅವರಿಗಿಲ್ಲ. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ಸ್ಪಾನ್ಸರ್‌ಗೆ ತಿಳಿಸಬೇಕು. ಬೇರೆ ವಿಶ್ವವಿದ್ಯಾಲಯದವರು ಉಪನ್ಯಾಸಕ್ಕೆ ಕರೆದು ಸಂಭಾವನೆ ಕೊಡುತ್ತೇವೆ ಎಂದರೂ ಮೊದಲು ಸ್ಪಾನ್ಸರ್‌ನಿಂದ ಲಿಖಿತ ಅನುಮತಿ ಬೇಕು.

ವೀಸಾ ಸಂದರ್ಶನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸರಕಾರಿ ಕಾರ್ಯಕ್ರಮವಾದ್ದರಿಂದ ಫುಲ್‌ಬ್ರೈಟ್‌ನವರಿಗೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ, ವಿನಿಮಯದವರ ದಾಖಲೆ ಇಡುವ ವ್ಯವಸ್ಥೆ) ಶುಲ್ಕವೂ ಇಲ್ಲ, ವೀಸಾ ಅರ್ಜಿ ಶುಲ್ಕವೂ ಇಲ್ಲ. 2025ರ ಜೂನ್‌ನಲ್ಲಿ ಒಂದು ಹೊಸ ಸೂಚನೆ ಬಂತು: ಜೆ ಮತ್ತು ಎಫ್ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಸಂದರ್ಶನದಲ್ಲಿ ನಿಮ್ಮ ಸಂಶೋಧನೆಯನ್ನು ಎರಡು ವಾಕ್ಯದಲ್ಲಿ, ಆ ವಿಷಯ ಗೊತ್ತಿಲ್ಲದವರಿಗೂ ತಿಳಿಯುವಂತೆ ಹೇಳಲು ಬರಬೇಕು. ವಾಪಸ್ ಬಂದು ಏನು ಮಾಡುತ್ತೀರಿ ಎಂದು ಕೇಳಿದರೆ ತಡವರಿಸಬಾರದು.

ಎರಡು ವರ್ಷದ ನಿಯಮ

ಸೆಟ್ಲ್ ಆಗು ಎನ್ನುವ ನೆಂಟರಿಗೆ ಗೊತ್ತಿಲ್ಲದ ನಿಯಮ ಇದು. ವಲಸೆ ಕಾನೂನಿನ 212(ಇ) ಕಲಮಿನ ಪ್ರಕಾರ, ಅಮೆರಿಕ ಸರಕಾರದ ಅಥವಾ ತಮ್ಮ ದೇಶದ ಸರಕಾರದ ಹಣದಿಂದ ಜೆ-1 ಮೇಲೆ ಹೋದವರು ಕಾರ್ಯಕ್ರಮ ಮುಗಿದ ಮೇಲೆ ಒಟ್ಟು ಎರಡು ವರ್ಷ ತಮ್ಮ ದೇಶದಲ್ಲಿ ವಾಸ ಮಾಡಬೇಕು. ಹಣದ ಒಂದು ಭಾಗ ಸರಕಾರದ್ದಾದರೂ ಸಾಕು, ನಿಯಮ ಅನ್ವಯಿಸುತ್ತದೆ. ಫುಲ್‌ಬ್ರೈಟ್-ನೆಹರೂನಲ್ಲಿ ಎರಡೂ ಸರಕಾರಗಳ ಹಣವಿದೆ. ಹಾಗಾಗಿ ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಇದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಎರಡು ವರ್ಷ ಅಮೆರಿಕಕ್ಕೆ ಕಾಲಿಡುವಂತೆಯೇ ಇಲ್ಲ ಎಂದು ಕೆಲವರು ಹೆದರುತ್ತಾರೆ. ಹಾಗಿಲ್ಲ. ಸಮ್ಮೇಳನಕ್ಕೆ ವಿಸಿಟರ್ ವೀಸಾದ ಮೇಲೆ ಹೋಗಬಹುದು, ಓದಲು ಎಫ್-1 ಮೇಲೆ ಹೋಗಲೂ ಈ ನಿಯಮ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಎಚ್ ಮತ್ತು ಎಲ್ ಉದ್ಯೋಗ ವೀಸಾಗಳಿಗೆ, ಗ್ರೀನ್ ಕಾರ್ಡಿಗೆ. ಅಮೆರಿಕದಲ್ಲೇ ಕೂತು ಬೇರೆ ವೀಸಾ ವರ್ಗಕ್ಕೆ ಬದಲಾಗುವುದಕ್ಕೂ ಹೆಚ್ಚುಕಡಿಮೆ ದಾರಿಯಿಲ್ಲ. ಎರಡು ವರ್ಷ ಒಂದೇ ಸಮನೆ ಆಗಬೇಕಿಲ್ಲ, ದಿನಗಳನ್ನು ಕೂಡಿಸಬಹುದು. ಆದರೆ ಆ ದಿನಗಳನ್ನು ಭಾರತದಲ್ಲೇ ಕಳೆದಿರಬೇಕು. ಸಿಂಗಾಪುರದಲ್ಲೋ ಜರ್ಮನಿಯಲ್ಲೋ ಇದ್ದ ದಿನ ಲೆಕ್ಕಕ್ಕೆ ಬರುವುದಿಲ್ಲ. ಜೆ-2 ಮೇಲೆ ಜೊತೆಗೆ ಬಂದ ಗಂಡ, ಹೆಂಡತಿ, ಮಕ್ಕಳಿಗೂ ಇದೇ ನಿಯಮ.

2024ರ ಡಿಸೆಂಬರ್‌ನಲ್ಲಿ ಒಂದು ಸುದ್ದಿ ಹರಡಿತು: ಭಾರತೀಯರಿಗೆ ಎರಡು ವರ್ಷದ ನಿಯಮ ಹೋಯಿತು ಎಂದು. ಅದು ಅರ್ಧ ನಿಜ. ಇಂಥಿಂಥ ದೇಶಕ್ಕೆ ಇಂಥಿಂಥ ವಿದ್ಯೆ ಬೇಕು ಎಂದು ಅಮೆರಿಕ ಇಟ್ಟುಕೊಂಡಿರುವ ಸ್ಕಿಲ್ಸ್ ಲಿಸ್ಟ್‌ನಿಂದ ಭಾರತವನ್ನು ಆಗ ತೆಗೆದರು. ಆ ಪಟ್ಟಿಯ ಕಾರಣಕ್ಕೆ ಮಾತ್ರ ಸಿಕ್ಕಿಕೊಂಡಿದ್ದವರಿಗೆ ಬಿಡುಗಡೆಯಾಯಿತು. ಸರಕಾರದ ಹಣದಲ್ಲಿ ಹೋದವರಿಗೆ ಏನೂ ಬದಲಾಗಲಿಲ್ಲ. ಭಾರತ ಸರಕಾರದಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ ತಂದು ವಿನಾಯಿತಿ ಪಡೆಯುವ ದಾರಿಯನ್ನೂ ಅಮೆರಿಕ ಸರಕಾರದ ಹಣ ಪಡೆದವರು ನಂಬಿಕೊಂಡು ಕೂರುವಂತಿಲ್ಲ.

ಇದನ್ನು ಶಿಕ್ಷೆ ಎಂದು ನೋಡುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಕಲಬುರಗಿಯ ಕಾಲೇಜಿನ ಅಧ್ಯಾಪಕಿಯೊಬ್ಬರು ಒಂದು ವರ್ಷ ಒಳ್ಳೆಯ ಲೈಬ್ರರಿಯಲ್ಲಿ ಕೂತು ಬಂದರೆ ಅದರ ಲಾಭ ಅವರ ತರಗತಿಗೆ ಸಿಗಬೇಕು ಎಂಬುದು ಈ ಹಣದ ಉದ್ದೇಶ. ಅದು ನ್ಯಾಯವೇ ಅಲ್ವಾ? ಆದರೆ ಇದು ಒಬ್ಬರ ಬದುಕಿನ ಎರಡು ವರ್ಷದ ಮಾತು. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಬೇಕು. ಮದುವೆ, ಸಂಗಾತಿಯ ಕೆಲಸ, ಮಕ್ಕಳ ಶಾಲೆ ಎಲ್ಲವೂ ಇದಕ್ಕೆ ತಗುಲಿಕೊಂಡಿದೆ.

ಇದರ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳುವ ಮತ್ತೊಂದು ನಿಯಮವಿದೆ. ರಿಸರ್ಚ್ ಸ್ಕಾಲರ್ ಅಥವಾ ಪ್ರೊಫೆಸರ್ ವರ್ಗದಲ್ಲಿ ಹೋದವರು ಐದು ವರ್ಷದವರೆಗೆ ಇರಬಹುದು ಎನ್ನುತ್ತದೆ ಕಾನೂನು. ಆದರೆ ಒಂಬತ್ತು ತಿಂಗಳಿಗೇ ಮುಗಿಸಿ ಬಂದರೆ ಆ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಮುಂದಿನ 24 ತಿಂಗಳು ಅದೇ ಎರಡು ವರ್ಗಗಳಲ್ಲಿ ಹೋಗುವಂತಿಲ್ಲ. ಆರು ತಿಂಗಳೊಳಗಿನ ಶಾರ್ಟ್-ಟರ್ಮ್ ಸ್ಕಾಲರ್ ವರ್ಗಕ್ಕೆ ಈ ತಡೆ ಇಲ್ಲ. ನಿಮ್ಮ ಡಿಎಸ್-2019ರಲ್ಲಿ ಯಾವ ವರ್ಗ ಇದೆ ಎಂದು ನೋಡಿಕೊಳ್ಳಬೇಕಾದ್ದು ಇದಕ್ಕೇ.

ಆರೋಗ್ಯ, ಅಡುಗೆ, ಮನೆ

ಅಮೆರಿಕದಲ್ಲಿ ವಿಮೆ ಇಲ್ಲದೆ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಎಂಥ ಬಿಲ್ ಬರುತ್ತದೆ ಎಂದು ಎಲ್ಲರೂ ಕೇಳಿದ್ದೇವೆ. ಜೆ-1 ನಿಯಮವೇ ಕನಿಷ್ಠ ಮಟ್ಟ ಹಾಕಿದೆ. ಒಂದೊಂದು ಕಾಯಿಲೆ ಅಥವಾ ಅಪಘಾತಕ್ಕೆ 1,00,000 ಡಾಲರ್ ರಕ್ಷಣೆ, ಚಿಕಿತ್ಸೆಗೆ ಬೇರೆಡೆ ಸಾಗಿಸಲು 50,000, ಸಾವು ಸಂಭವಿಸಿದರೆ ದೇಹವನ್ನು ಊರಿಗೆ ತರಲು 25,000. ನಾವು ಮೊದಲು ಕೈಯಿಂದ ಕಟ್ಟಬೇಕಾದ ಡಿಡಕ್ಟಿಬಲ್ 500 ಡಾಲರ್ ದಾಟಬಾರದು. ಫುಲ್‌ಬ್ರೈಟ್ ಫೆಲೋಗೆ ಕಾರ್ಯಕ್ರಮದಿಂದಲೇ ಎಎಸ್‌ಪಿಇ ಎಂಬ ರಕ್ಷಣೆ ಸಿಗುತ್ತದೆ. ಅದು ಫೆಲೋಗೆ ಮಾತ್ರ. ಜೊತೆಗೆ ಹೋಗುವ ಮನೆಯವರಿಗೆ ನೀವೇ ಬೇರೆ ವಿಮೆ ಕೊಳ್ಳಬೇಕು, ಅದು ಅಗ್ಗವಲ್ಲ. ಮನೆಯವರನ್ನು ಕರೆದೊಯ್ಯುವ ನಿರ್ಧಾರದಲ್ಲಿ ವಿಮಾನದ ಟಿಕೆಟ್ಟಿಗಿಂತ ಈ ಲೆಕ್ಕ ದೊಡ್ಡದು. ಜೆ-2 ಮೇಲೆ ಹೋದ ಸಂಗಾತಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು ನಿಜ. ಆದರೆ ಅದು ಬರಲು ತಿಂಗಳುಗಳು ಬೇಕು, ಎಷ್ಟೋ ಫೆಲೋಶಿಪ್‌ಗಳೇ ಒಂಬತ್ತು ತಿಂಗಳಿನವು.

ಹಲ್ಲು ಮತ್ತು ಕಣ್ಣಿನ ಕೆಲಸ ಇಲ್ಲೇ ಮುಗಿಸಿ. ಎರಡು ಜೊತೆ ಕನ್ನಡಕ ಒಯ್ಯಿರಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿಯ ಜೊತೆ, ಅದರ ಮೂಲ ಪ್ಯಾಕೆಟ್ಟಿನಲ್ಲೇ ಇರಲಿ. ಕ್ಷಯದ ಪರೀಕ್ಷೆ ಕೇಳುವ ವಿಶ್ವವಿದ್ಯಾಲಯಗಳಿವೆ. ನಮ್ಮಲ್ಲಿ ಬಹುತೇಕ ಎಲ್ಲರಿಗೂ ಮಗುವಿದ್ದಾಗ ಬಿಸಿಜಿ ಚುಚ್ಚಿರುತ್ತಾರೆ. ಅದರಿಂದ ಚರ್ಮದ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ರಕ್ತ ಪರೀಕ್ಷೆಗೆ ಬಿಸಿಜಿಯ ಪರಿಣಾಮ ಇಲ್ಲ, ಅದನ್ನೇ ಮಾಡಿ ಎಂದು ಕೇಳಿ. ಎಂಎಂಆರ್ ಲಸಿಕೆಯ ದಾಖಲೆ ಹುಡುಕಿಟ್ಟುಕೊಳ್ಳಿ.

ಅಡುಗೆಮನೆಯ ವಿಷಯ ಬೇಗ ಮುಗಿಸುತ್ತೇನೆ. ಇಲ್ಲಿನ ಮಿಕ್ಸಿ 230 ವೋಲ್ಟಿನದು, ಅಲ್ಲಿ ಕರೆಂಟು 120. ಬಿಟ್ಟು ಹೋಗಿ. ಕುಕ್ಕರ್ ಒಯ್ಯಬಹುದು. ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ಏನೇ ಇರಲಿ, ವಿಮಾನ ನಿಲ್ದಾಣದಲ್ಲಿ ತಿಂಡಿ ಪದಾರ್ಥ ಇದೆ ಎಂದು ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಹೇಳದೆ ಸಿಕ್ಕಿಬಿದ್ದರೆ ದಂಡ. ಹಸಿ ಹಣ್ಣು, ಬೀಜ, ಕರಿಬೇವಿನ ಎಲೆ ಬೇಡ. ಬಾಡಿಗೆ ಮನೆಯಲ್ಲಿ ಒಣಮೆಣಸಿನ ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿರಿ, ಇಲ್ಲದಿದ್ದರೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆ.

ಗೈಡ್ ಕೇಳುವುದಿಲ್ಲ, ನೀವೇ ಹೇಳಬೇಕು

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗೈಡ್ ಅಂದರೆ ಕರೆದು ಕೆಲಸ ಹೇಳುವವರು. ಅಲ್ಲಿ ನಿಮಗೆ ಆತಿಥ್ಯ ಕೊಡುವ ಪ್ರೊಫೆಸರ್ ಒಳ್ಳೆಯವರೇ ಆಗಿದ್ದರೂ ತಾವಾಗಿ ಕರೆಯುವುದು ಕಡಿಮೆ. ನಿಮಗೆ ಏನು ಬೇಕೋ ನೀವೇ ಕೇಳುತ್ತೀರಿ ಎಂದು ಅವರು ಅಂದುಕೊಂಡಿರುತ್ತಾರೆ. ನಾವು ತೊಂದರೆ ಕೊಡಬಾರದು ಎಂದು ಸುಮ್ನೆ ಇರುತ್ತೇವೆ. ಹೀಗೆ ಎರಡು ತಿಂಗಳು ಕಳೆದುಹೋಗುವುದು ಬಹಳ ಸಾಮಾನ್ಯ, ಒಂಬತ್ತು ತಿಂಗಳಲ್ಲಿ ಅದು ದೊಡ್ಡ ನಷ್ಟ. ಹೊರಡುವ ಮೊದಲೇ ಒಂದು ಪುಟದ ಇಮೇಲ್ ಬರೆಯಿರಿ. ಯಾವ ತಿಂಗಳು ಏನು ಮಾಡುತ್ತೀರಿ, ಯಾವ ಸಂಗ್ರಹ ನೋಡಬೇಕು, ಯಾರನ್ನು ಭೇಟಿಯಾಗಬೇಕು, ಕೂರಲು ಮೇಜು ಸಿಗುತ್ತದಾ, ಲೈಬ್ರರಿ ಕಾರ್ಡ್ ಯಾವಾಗ ಸಿಗುತ್ತದೆ ಎಂದೆಲ್ಲ ಸ್ಪಷ್ಟವಾಗಿ ಕೇಳಿ. ಇದನ್ನು ಯಾರೂ ಉದ್ಧಟತನ ಎಂದುಕೊಳ್ಳುವುದಿಲ್ಲ. ಸೆಮಿನಾರಿನಲ್ಲಿ ಬಾಯಿ ಬಿಡದೆ ಕೂತರೆ ವಿನಯ ಎಂದು ಯಾರೂ ಓದಿಕೊಳ್ಳುವುದಿಲ್ಲ. ಓದಿಕೊಂಡು ಬಂದಿಲ್ಲ ಎಂದೇ ತಿಳಿಯುತ್ತಾರೆ.

ಸಂದರ್ಶನ, ಸರ್ವೇ ಮಾಡುವ ಸಂಶೋಧಕರು ಐಆರ್‌ಬಿಯನ್ನು ಮರೆಯಬಾರದು. ಮನುಷ್ಯರ ಮೇಲೆ ನಡೆಯುವ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಮಂಡಳಿ ಅದು, ಪ್ರತಿ ದೊಡ್ಡ ವಿಶ್ವವಿದ್ಯಾಲಯದಲ್ಲೂ ಇರುತ್ತದೆ. ಅದರ ಒಪ್ಪಿಗೆ ಬರುವ ತನಕ ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ. ಒಪ್ಪಿಗೆಗೆ ವಾರಗಳು ಹಿಡಿಯುತ್ತವೆ. ಮೊದಲು ಆನ್‌ಲೈನ್ ತರಬೇತಿ ಮುಗಿಸಬೇಕು. ನಿಮ್ಮ ಅಧ್ಯಯನಕ್ಕೆ ಯಾವ ದಾರಿ ಎಂದು ಭಾರತದಲ್ಲಿದ್ದಾಗಲೇ ಪ್ರೊಫೆಸರ್ ಹತ್ತಿರ ಕೇಳಿ ಶುರು ಮಾಡಿದರೆ ಚಳಿಗಾಲದ ಮೊದಲು ಕೆಲಸಕ್ಕೆ ಇಳಿಯಬಹುದು.

ಆರನೇ ತಿಂಗಳು

ಮನಸ್ಸಿನ ತಯಾರಿ ಬಗ್ಗೆ ಓರಿಯೆಂಟೇಷನ್‌ಗಳಲ್ಲಿ ಒಂದು ವಕ್ರರೇಖೆ ತೋರಿಸುತ್ತಾರೆ, ಹೊಸ ದೇಶಕ್ಕೆ ಹೊಂದಿಕೊಳ್ಳುವಾಗಿನ ಏರಿಳಿತದ್ದು. ಅದು ಹುಟ್ಟಿದ್ದೇ ಫುಲ್‌ಬ್ರೈಟ್ ಫೆಲೋಗಳ ಅಧ್ಯಯನದಿಂದ. ಸ್ವೆರೆ ಲೀಸ್‌ಗೋರ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ, ಅಮೆರಿಕಕ್ಕೆ ಹೋಗಿಬಂದ 200 ನಾರ್ವೆ ಫೆಲೋಗಳನ್ನು ಮಾತಾಡಿಸಿ 1955ರಲ್ಲಿ ಬರೆದರು. ಆರು ತಿಂಗಳೊಳಗೆ ವಾಪಸ್ಸಾದವರು ಚೆನ್ನಾಗಿ ಹೊಂದಿಕೊಂಡಿದ್ದರು. ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಹಾಗೇ. ನಡುವಿನವರು, ಅಂದರೆ 6ರಿಂದ 18 ತಿಂಗಳು ಇದ್ದವರು, ಎಲ್ಲರಿಗಿಂತ ಕಷ್ಟಪಟ್ಟಿದ್ದರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ, ನಂತರದ ಸಂಶೋಧಕರು ಈ ರೇಖೆಯನ್ನು ಪ್ರಶ್ನಿಸಿದ್ದಾರೆ.

ಆದರೂ ನಮ್ಮ ಫೆಲೋಗಳು ಇದನ್ನು ಒಮ್ಮೆ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಬೇಕು. ಆಗಸ್ಟ್‌ನಲ್ಲಿ ಹೋದವರಿಗೆ ಆರನೇ ತಿಂಗಳು ಬರುವುದು ಜನವರಿ-ಫೆಬ್ರವರಿಯಲ್ಲಿ. ಉತ್ತರದ ರಾಜ್ಯಗಳಲ್ಲಿ ಆಗ ಕೊರೆಯುವ ಚಳಿ, ಸಂಜೆ ಐದರ ಸುಮಾರಿಗೆಲ್ಲ ಕತ್ತಲು. ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗಿರುತ್ತದೆ. ಪೂರ್ವ ಕರಾವಳಿಯಲ್ಲಿ ಊರಿನ ಸಮಯಕ್ಕೆ ಒಂಬತ್ತೂವರೆ ಗಂಟೆ ಇದ್ದ ಅಂತರ ಹತ್ತೂವರೆ ಆಗುತ್ತದೆ. ಅಮ್ಮನ ಜೊತೆ ಮಾತಾಡುವ ಹೊತ್ತು ತಪ್ಪುತ್ತದೆ. ಮೊದಲ ಸೆಮಿಸ್ಟರಿನ ಹುರುಪು ಇಳಿದಿರುತ್ತದೆ. ಆಗ ಬೇಜಾರಾದರೆ ಅದು ನಿಮ್ಮ ಸೋಲಲ್ಲ, ಬೇರೆಯವರಿಗೂ ಆಗಿದೆ ಎಂದು ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ. ಕ್ಯಾಂಪಸ್ಸಿನ ಕೌನ್ಸೆಲಿಂಗ್ ಕೇಂದ್ರ ಎಲ್ಲಿದೆ, ನಿಮಗೆ ಅಲ್ಲಿ ಅವಕಾಶ ಇದೆಯಾ ಎಂದು ಸೆಪ್ಟೆಂಬರ್‌ನಲ್ಲೇ ತಿಳಿದುಕೊಳ್ಳಿ. ಊರಲ್ಲಿ ಕನ್ನಡ ಕೂಟ ಇದ್ದರೆ ದೀಪಾವಳಿಗೆ ಹೋಗಿ, ಯುಗಾದಿಗೂ ಹೋಗಿ. ಆದರೆ ಪ್ರತಿ ವಾರಾಂತ್ಯವೂ ಅಲ್ಲೇ ಕಳೆದರೆ ವಿನಿಮಯ ಎಲ್ಲಿ ಆಯಿತು? ಒಂದು ಸ್ಥಳೀಯ ಸಂಘ, ಒಂದು ಓದುಗರ ಗುಂಪು, ಏನಾದರೂ ಒಂದನ್ನು ಮೊದಲ ತಿಂಗಳಲ್ಲೇ ಹಿಡಿದುಕೊಳ್ಳಬೇಕು.

1963ರಲ್ಲಿ ಗಲ್ಲಾಹಾರ್ನ್ ಎಂಬ ಸಂಶೋಧಕ ದಂಪತಿ ಈ ರೇಖೆಗೆ ಇನ್ನೊಂದು ಇಳಿತ ಸೇರಿಸಿದರು: ವಾಪಸ್ ಬಂದ ಮೇಲಿನದು. ಒಂಬತ್ತು ತಿಂಗಳಿಗೆ ಹೋದವರು ಹೊಂದಿಕೊಳ್ಳುವಷ್ಟರಲ್ಲೇ ಊರಿಗೆ ಮರಳುತ್ತಾರೆ. ಒಂದು ಇಳಿತದಿಂದ ಮೇಲೇಳುವ ಮೊದಲೇ ಇನ್ನೊಂದು ಕಾದಿರುತ್ತದೆ. ಇಲ್ಲಿ ಯಾರಿಗೂ ಅದು ಕಾಣುವುದಿಲ್ಲ, ಊರಿಗೆ ಬಂದವರಿಗೆ ಎಂಥ ಕಷ್ಟ ಎಂದುಕೊಳ್ಳುತ್ತಾರೆ. ಕಷ್ಟ ಇದೆ. ಕಾಲೇಜಿನ ಟೈಮ್‌ಟೇಬಲ್ ಹಾಗೇ ಇದೆ, ಮಾಡಬೇಕೆಂದುಕೊಂಡದ್ದಕ್ಕೆ ಪುರುಸೊತ್ತಿಲ್ಲ, ಅಲ್ಲಿನ ಲೈಬ್ರರಿಯ ಲಾಗಿನ್ ಬಂದ್ ಆಗಿದೆ.

ಇದಕ್ಕೆ ಬೇಕಾದ ತಯಾರಿ ಹೋಗುವ ಮೊದಲೇ ಆಗಬೇಕು. ಸರಕಾರಿ ಅಥವಾ ಅನುದಾನಿತ ಕಾಲೇಜಿನವರು ರಜೆ ಮಂಜೂರಾತಿ, ವಿದೇಶ ಪ್ರಯಾಣದ ಅನುಮತಿಯನ್ನು ಲಿಖಿತವಾಗಿ ತೆಗೆದಿಟ್ಟುಕೊಳ್ಳಲಿ. ಅದರ ಜೊತೆ, ಬಂದ ಮೇಲೆ ಯಾವ ಹೊಸ ಪೇಪರ್ ಪಾಠ ಮಾಡಬಹುದು ಎಂದು ಪ್ರಿನ್ಸಿಪಾಲರ ಹತ್ತಿರ ಈಗಲೇ ಮಾತಾಡಲಿ. ಪಿಎಚ್.ಡಿ. ಮಾಡುತ್ತಿರುವವರು ಇಲ್ಲಿನ ಗೈಡ್ ಜೊತೆ ಯಾವ ಅಧ್ಯಾಯ ಅಲ್ಲಿ ಬರೆಯುತ್ತೇನೆ ಎಂದು ನಿರ್ಧರಿಸಿ ಹೋಗಲಿ. ಕೊನೆಯ ತಿಂಗಳಲ್ಲಿ ಲೈಬ್ರರಿಯಿಂದ ಬೇಕಾದ ಸ್ಕ್ಯಾನ್‌ಗಳನ್ನು ನಿಯಮದೊಳಗೆ ಮಾಡಿಕೊಳ್ಳಿ. ಸಂಗ್ರಹಿಸಿದ ಮಾಹಿತಿಯನ್ನು ಭಾರತಕ್ಕೆ ಒಯ್ಯಲು ಐಆರ್‌ಬಿ ಒಪ್ಪಿಗೆಯಲ್ಲಿ ಜಾಗ ಇದೆಯಾ ನೋಡಿ. ಮನೆಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರುವ ತನಕ ಬ್ಯಾಂಕ್ ಖಾತೆ ಮುಚ್ಚಬೇಡಿ. ತೆರಿಗೆಯ ಕೆಲಸ ಮಾತ್ರ ಊರಿಗೆ ಬಂದ ಮೇಲೂ ಉಳಿದಿರುತ್ತದೆ. ಆದಾಯ ಏನೂ ಇಲ್ಲದಿದ್ದರೂ 8843 ಎಂಬ ಫಾರ್ಮನ್ನು ಮರುವರ್ಷ ಜೂನ್ 15ರೊಳಗೆ ಅಮೆರಿಕದ ತೆರಿಗೆ ಇಲಾಖೆಗೆ ಕಳಿಸಬೇಕು. ಸಂಬಳ ಪಡೆದಿದ್ದರೆ 1040-ಎನ್‌ಆರ್ ಎಂಬ ತೆರಿಗೆ ರಿಟರ್ನ್ ಜೊತೆ ಏಪ್ರಿಲ್ 15ರೊಳಗೆ. ಅದಕ್ಕೆ ಬೇಕಾದ ಕಾಗದಗಳನ್ನು ವಿಶ್ವವಿದ್ಯಾಲಯವೂ ಬ್ಯಾಂಕೂ ಅಲ್ಲಿನ ಹಳೆಯ ವಿಳಾಸಕ್ಕೇ ಕಳಿಸಿಬಿಡುತ್ತವೆ. ಹೊರಡುವ ಮೊದಲೇ ಅವರಿಗೆ ಭಾರತದ ವಿಳಾಸ ಕೊಟ್ಟು ಬನ್ನಿ.